ಮುಗಿಸುವ ಕಲೆ

ಬಿಬಿಸಿಯ ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು ಕಂತು, 1979ರಲ್ಲಿ ಮತ್ತಾರು ಕಂತು ಪ್ರಸಾರಗೊಂಡು ಮುಗಿಯಿತು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಇಬ್ಬರೇ ಅದನ್ನು ಬರೆದರು. ಜನಪ್ರಿಯತೆ ಇದ್ದರೂ ಹದಿಮೂರನೆಯ ಕಂತು ಹುಟ್ಟಲಿಲ್ಲ.

‘ದಿ ಆಫೀಸ್’ ಧಾರಾವಾಹಿಯನ್ನು ನೋಡಿ. 2001ರಿಂದ 2003ರವರೆಗೆ ಬಂದ ಬ್ರಿಟಿಷ್ ಮೂಲದಲ್ಲಿ ಹನ್ನೆರಡು ಕಂತುಗಳು, ಜೊತೆಗೆ ಕ್ರಿಸ್‌ಮಸ್ ವಿಶೇಷದ ಎರಡು ಭಾಗಗಳು. 2005ರಿಂದ 2013ರವರೆಗೆ ನಡೆದ ಅಮೆರಿಕದ ಅವತರಣಿಕೆಯಲ್ಲಿ 201 ಕಂತುಗಳು!

ಈ ಅಂತರಕ್ಕೆ ಹಣದ ವ್ಯವಸ್ಥೆಯೇ ಮುಖ್ಯ ಕಾರಣ. ಬಿಬಿಸಿ ಪ್ರಧಾನವಾಗಿ ವೀಕ್ಷಕರ ಪರವಾನಗಿ ಶುಲ್ಕದಿಂದ ನಡೆಯುತ್ತದೆ. ಅಮೆರಿಕದ ವಾಹಿನಿಗಳು ಜಾಹೀರಾತನ್ನು ನಂಬಿದ್ದವು. ಕಂತುಗಳು ನೂರರ ಸಮೀಪ ಬಂದರೆ ಮರುಪ್ರಸಾರಕ್ಕೆ ಮಾರಿ ಲಾಭ ಗಳಿಸಬಹುದಿತ್ತು. ಆದ್ದರಿಂದ ಲೇಖಕರ ತಂಡವೇ ಕುಳಿತು ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತು ಹೆಣೆಯುತ್ತಿತ್ತು.

ದೀರ್ಘತೆಗೂ ಗುಣವುಂಟು. ಜಿಮ್ ಮತ್ತು ಪ್ಯಾಮ್ ಅವರ ಪ್ರೀತಿ ವರ್ಷಗಳ ಕಾಲ ಮೆಲ್ಲನೆ ಮಾಗಿದ್ದು ಆ ವಿಸ್ತಾರದಿಂದಲೇ. ಆದರೆ 2011ರಲ್ಲಿ ಪ್ರಧಾನ ನಟ ಸ್ಟೀವ್ ಕ್ಯಾರೆಲ್ ನಿರ್ಗಮಿಸಿದ ಮೇಲೂ ಕಥೆಯನ್ನು ಎರಡು ವರ್ಷ ಎಳೆದದ್ದು ಕಲೆಯ ಅಗತ್ಯವಾಗಿರಲಿಲ್ಲವೆಂದೇ ನನ್ನ ಭಾವನೆ.

ನೆಟ್‌ಫ್ಲಿಕ್ಸ್‌ನಂಥವು ಬಂದ ಬಳಿಕ ಅಮೆರಿಕದಲ್ಲೂ ಎಂಟು-ಹತ್ತು ಕಂತುಗಳ ಸರಣಿಗಳು ಸಾಮಾನ್ಯವಾಗಿವೆ. ಅದು ಒಳ್ಳೆಯದೇ. ಕಥೆಯ ಅರ್ಥ ಪೂರ್ಣವಾಗುವುದು ಅದರ ಅಂತ್ಯದಲ್ಲಿ. ಆ ಅಂತ್ಯವನ್ನು ವ್ಯಾಪಾರಿ ನಿರ್ಧರಿಸಿದರೆ ಬರೆದವನ ಮಾತು ಅರ್ಧಕ್ಕೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಪಡೆದವರಿಗೆಲ್ಲ ಹೆಚ್ಚು ಅಂಕ ದೊರೆಯುವುದಿಲ್ಲವೆಂಬುದು ನನ್ನ ವಿದ್ಯಾರ್ಥಿಗಳಿಗೆ ತಿಳಿದೇ ಇದೆಯಲ್ಲವೇ?