ದೂರದ ಪಾಠಕ್ಕೆ ಹತ್ತಿರದ ಗುರು

ಮನೆಯಲ್ಲಿ ಕುಳಿತೇ ಪದವಿಯನ್ನು ಪಡೆಯಬಹುದೆಂಬ ಪ್ರಕಟನೆಗಳು ಈಗ ದಿನಂಪ್ರತಿ ಹೊರಡುತ್ತಿರುವುವು. ಅಂತರ್ಜಾಲದ ಮೂಲಕ ಪಾಠ ಹೇಳುವ ಈ ಕ್ರಮವನ್ನು ನಾವು ಹಳಿಯುವವರಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯ ಕಾಫಿ ತೋಟಗಳಲ್ಲಿ ದುಡಿಯುವವರ ಮಗಳೊಬ್ಬಳು ಬೇಲೂರು, ಹಾಸನಗಳ ಕಾಲೇಜಿಗೆ ದಿನವೂ ಹೋಗಿಬರುವುದು ಸುಲಭವಲ್ಲ. ಸಂಜೆಯಾದರೆ ಕಾಡಾನೆಗಳ ಭಯ ಬೇರೆ. ಅಂತಹವಳ ಮನೆಯ ಬಾಗಿಲಿಗೆ ವಿದ್ಯೆಯು ತಾನಾಗಿ ಬರುವುದಾದರೆ ಅದಕ್ಕಿಂತ ಹೆಚ್ಚಿನ ಉಪಕಾರವಾವುದು? ಆದರೆ ಬಂದುದು ವಿದ್ಯೆಯೋ, ಬರಿಯ ಧ್ವನಿಯೋ ಎಂಬುದನ್ನು ವಿಚಾರಿಸಬೇಕಾಗಿದೆ.

ಯಂತ್ರವು ಗುರುವಿನ ಮಾತನ್ನು ಶಿಷ್ಯನಿಗೆ ಮುಟ್ಟಿಸುತ್ತದೆ, ನಿಜ. “ಮೇಷ್ಟ್ರೇ, ನನಗೆ ತಿಳಿಯಲಿಲ್ಲ” ಎಂಬ ಶಿಷ್ಯನ ಮಾತನ್ನು ಗುರುವಿಗೆ ಮುಟ್ಟಿಸುವವರಾರು? ತರಗತಿಯಲ್ಲಿ ಹುಡುಗನು ಬಾಯಿ ಮುಚ್ಚಿ ಕುಳಿತಿದ್ದರೂ ಅವನ ಮುಖವು ಮಾತನಾಡುತ್ತದೆ. ಬಲ್ಲ ಉಪಾಧ್ಯಾಯರು ಅದನ್ನು ಕಂಡು ಪಾಠವನ್ನು ಮತ್ತೊಮ್ಮೆ ಹೇಳುತ್ತಾರೆ. ದೂರದ ಪಾಠದಲ್ಲಿ ಆ ಮುಖವು ಕಾಣದು. ಸಿಗ್ನಲ್ ಕಡಿದು ಹುಡುಗಿಯು ಸುಮ್ಮನಾದಳೋ, ಬೇಸತ್ತು ಪಾಠವನ್ನೇ ಬಿಟ್ಟಳೋ ಎಂದು ಅರಿಯುವವರೂ ಇಲ್ಲ. ಅಮೆರಿಕದ ವಿದ್ವಾಂಸರಾದ ಮೈಕೇಲ್ ಮೂರ್ ಎಂಬುವರು 1970ರ ದಶಕದಿಂದಲೂ ವಿವರಿಸಿರುವುದು ಇದನ್ನೇ: ದೂರಶಿಕ್ಷಣದಲ್ಲಿ ಗಣಿಸತಕ್ಕ ದೂರವು ಹರದಾರಿಗಳದ್ದಲ್ಲ, ಗುರುಶಿಷ್ಯರ ತಿಳಿವಳಿಕೆಗಳ ನಡುವಣದು, ಸಂಭಾಷಣೆಯು ಹೆಚ್ಚಿದಂತೆ ಅದು ಕುಗ್ಗುವುದು.

ನಮ್ಮ ನಾಡಿಗೆ ಈ ವಿಷಯವು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯನ್ನು ತೆರೆಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಉನ್ನತ ಶಿಕ್ಷಣವು ಎಲ್ಲರಿಗೂ ಎಲ್ಲೆಡೆ ಎಂಬುದು ಅದರ ಧ್ಯೇಯ. ಅದೇ 1969ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೂ ರಾಜಸನ್ನದು ದೊರೆಯಿತು. ಬಿ.ಬಿ.ಸಿ.ಯಲ್ಲಿ ಬರುತ್ತಿದ್ದ ಅದರ ಪಾಠಗಳನ್ನು ಲೋಕವು ಕೊಂಡಾಡಿತು. ಆದರೆ ಅದರ ಬೆನ್ನೆಲುಬು ದೂರದರ್ಶನವಲ್ಲ. ವಿದ್ಯಾರ್ಥಿಗಳ ಗುಂಪಿಗೊಬ್ಬ ಬೋಧಕರನ್ನು ನೇಮಿಸಿ, ಅವರ ಉತ್ತರಗಳನ್ನು ತಿದ್ದಿಸಿ, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಬರೆದು ಹಿಂದಿರುಗಿಸುವ ಏರ್ಪಾಡೇ ಅದರ ಬಲ.

ಹೊರನಾಡಿನ ಮಾತು ಹಾಗಿರಲಿ. 2020ರಲ್ಲಿ ಕೋವಿಡ್ ಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದುವು. ಆದರೂ ಆಗಸ್ಟ್ ತಿಂಗಳಲ್ಲಿ ಸರ್ಕಾರದವರು ‘ವಿದ್ಯಾಗಮ’ವನ್ನು ಹೂಡಿ, ಉಪಾಧ್ಯಾಯರನ್ನೇ ಮಕ್ಕಳಿದ್ದೆಡೆಗೆ ಕಳುಹಿಸಬೇಕಾಯಿತು. ಗುಡಿಯ ಜಗಲಿ, ಅರಳಿಕಟ್ಟೆಗಳೇ ಪಾಠಶಾಲೆಗಳಾದುವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಶಾಲೆಗಳ ಆವರಣದಲ್ಲಿ ಪುನಃ ನಡೆದುದು ವಾಚಕರಿಗೆ ನೆನಪಿರಬಹುದು. ಆ ಯೋಜನೆಯಲ್ಲಿ ಕುಂದುಗಳಿದ್ದುವು. ಆದರೆ ತತ್ತ್ವವು ಸರಿಯಾಗಿತ್ತು. ಯಾವ ಮಗು ಯಾವ ಉಪಾಧ್ಯಾಯರ ಹೊಣೆ ಎಂಬುದು ಅಲ್ಲಿ ಗೊತ್ತಾಗಿತ್ತು.

ಆದುದರಿಂದ ದೂರದ ಪಾಠವನ್ನು ನಡೆಸುವವರಿಂದ ನಾವು ಕೇಳುವುದು ಮೂರೇ. ಮೊದಲನೆಯದು, ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನವರೆನ್ನಬಹುದಾದ ಒಬ್ಬ ಉಪಾಧ್ಯಾಯರಿರಬೇಕು; ಅವರ ಪಾಲಿನ ವಿದ್ಯಾರ್ಥಿಗಳು ಹೆಸರು ಹಿಡಿದು ಕರೆಯಬಹುದಾದಷ್ಟೇ ಇರಬೇಕು. ಎರಡನೆಯದು, ಬರೆದ ಉತ್ತರಕ್ಕೆ ಅಂಕ ಮಾತ್ರವಲ್ಲದೆ, ತಿದ್ದುಪಡಿಯ ನಾಲ್ಕು ಮಾತುಗಳು ಕನ್ನಡದಲ್ಲಿ, ವಾರದೊಳಗೆ ಬರಬೇಕು. ಮೂರನೆಯದು, ತಿಂಗಳಿಗೊಮ್ಮೆಯಾದರೂ ಹೋಬಳಿಯ ಊರಿನಲ್ಲಿ, ಹಗಲುಹೊತ್ತಿನಲ್ಲಿ, ಗುರುಶಿಷ್ಯರು ಮುಖಾಮುಖಿಯಾಗಬೇಕು. ಭಾನುವಾರ ಖಾಲಿಯಿರುವ ಶಾಲಾ ಕೊಠಡಿಯೊಂದು ಇದಕ್ಕೆ ಸಾಲದೆ?

ಇದಕ್ಕೆ ವೆಚ್ಚ ತಗಲುವುದೆಂಬ ಆಕ್ಷೇಪಣೆ ಬಾರದಿರದು. ತಗಲಲಿ. ಕಟ್ಟಡ, ವಿದ್ಯಾರ್ಥಿನಿಲಯಗಳ ಖರ್ಚನ್ನು ಉಳಿಸಿಕೊಂಡವರು ಉಪಾಧ್ಯಾಯರ ಸಂಬಳದಲ್ಲಿಯೂ ಉಳಿತಾಯ ಮಾಡಹೊರಟರೆ, ಅದು ವಿದ್ಯಾದಾನವಲ್ಲ, ವ್ಯಾಪಾರ. ವಿದ್ಯಾರ್ಥಿಗಳಿಗೂ ಒಂದು ಮಾತು: ತಿಳಿಯದುದನ್ನು ಕೇಳಲು ನಾಚಬೇಡಿರಿ, ಉತ್ತರ ಬಾರದಿದ್ದರೆ ಮತ್ತೆ ಕೇಳಿರಿ, ಅದು ನಿಮ್ಮ ಹಕ್ಕು. ಬಿಕ್ಕೋಡಿನಿಂದ ಹೊರಟ ಪ್ರಶ್ನೆಗೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಉತ್ತರ ಬಂದಾಗಲೇ ‘ಎಲ್ಲೆಡೆ’ ಎಂಬ ಮಾತು ಸಾರ್ಥಕವಾಗುವುದು.