ಪಿಶವಿ ತೆಗೆಸುವ ಮೊದಲು

ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ತಿಂಗಳು ಆರೇಳು ದಿನ ಶಾಲೆ ತಪ್ಪಿಸುತ್ತಿದ್ದಳು. ಹಾಜರಿ ಪುಸ್ತಕ ತಿರುವಿದರೆ ಹೆಚ್ಚುಕಡಿಮೆ ಅವೇ ದಿನಗಳು. ಅವಳದೇ ಏನೋ ತೊಂದರೆ ಇರಬೇಕು ಅಂದುಕೊಂಡೆ. ಕರೆದು ಕೇಳಿದಾಗ, "ನಂದಲ್ರಿ ಬಾಯಿ. ಅವ್ವಗ ಭಾಳ ಹೋಗ್ತದ, ಏಳಾಕ ಆಗಂಗಿಲ್ಲ. ರೊಟ್ಟಿ ನಾನೇ ಬಡೀಬೇಕು" ಅಂದಳು.

ಮರುದಿನ ತಾಯಿಯೇ ಕಾಗದಗಳನ್ನು ಹಿಡಿದು ಬಂದರು. ವಯಸ್ಸು ಮೂವತ್ತಾರು. "ಗಡ್ಡಿ ಆಗ್ಯಾದಂತ್ರಿ. ಪಿಶವಿ ತಗಸ್ರಿ, ಇಲ್ಲಾಂದ್ರ ಕ್ಯಾನ್ಸರ್ ಆಗ್ತದ ಅಂದಾರ." ಆಪರೇಶನ್ನಿಗೆಂದು ಮನೆಯಲ್ಲಿ ಎಮ್ಮೆ ಮಾರುವ ಮಾತೂ ಆಗಿತ್ತು.

ನಮ್ಮ ಅಕ್ಕಲಕೋಟೆ ಕಡೆ ಗರ್ಭಾಶಯಕ್ಕೆ ಮರಾಠಿಯಿಂದ ಬಂದ ಈ 'ಪಿಶವಿ' ಶಬ್ದವೇ ಚಾಲ್ತಿ. ಪಿಶವಿ ಅಂದರೆ ಚೀಲ. ಮಕ್ಕಳಾದ ಮೇಲೆ ಖಾಲಿ ಚೀಲ ಯಾಕೆ ಬೇಕು ಎಂದು ಹೆಂಗಸರೇ ಹೇಳುತ್ತಾರೆ. ಸಿಟ್ಟು ಬರುವುದು ಇಲ್ಲಿಯೇ.

ಆ ಗಡ್ಡೆಗೆ ಡಾಕ್ಟರರು ಫೈಬ್ರಾಯ್ಡ್ ಅನ್ನುತ್ತಾರೆ. ಗರ್ಭಾಶಯದ ಸ್ನಾಯುವಿನಲ್ಲೇ ಬೆಳೆಯುವ ಗಂಟು ಅದು. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಅತಿ ವಿರಳ. ಯಾಕೆ ಹುಟ್ಟುತ್ತದೆ ಎಂಬುದು ಪೂರ್ತಿ ತಿಳಿದಿಲ್ಲ. ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳಿಂದ ಬೆಳೆಯುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿಗೆ, ಅಕ್ಕತಂಗಿಯರಿಗೆ ಇದ್ದರೆ ನಮಗೂ ಬರುವ ಸಂಭವ ಹೆಚ್ಚು. ಭಾರ ಹೊತ್ತಿದ್ದಕ್ಕೆ ಬಂತು, ಯಾರದೋ ದೃಷ್ಟಿಗೆ ಬಂತು ಅನ್ನುವುದೆಲ್ಲ ಸುಳ್ಳು. ಎಷ್ಟೋ ಹೆಂಗಸರಿಗೆ ಗಡ್ಡೆ ಇದ್ದದ್ದೇ ಗೊತ್ತಾಗುವುದಿಲ್ಲ. ತ್ರಾಸು ಕೊಡದ ಗಡ್ಡೆಯನ್ನು ಆಗಾಗ ತೋರಿಸುತ್ತಿದ್ದರೆ ಸಾಕು.

ತ್ರಾಸು ಕೊಡುವುದು ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದರ ಮೇಲೆ. ಒಳಪದರದ ಹತ್ತಿರ ಇದ್ದರೆ ಚಿಕ್ಕದಾದರೂ ರಕ್ತ ಬಹಳ ಹೋಗುತ್ತದೆ. ಹೊರಗಡೆ ಬೆಳೆದು ದೊಡ್ಡದಾದರೆ ಮೂತ್ರಕೋಶವನ್ನು ಒತ್ತಿ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಪತ್ತೆಗೆ ಡಾಕ್ಟರರ ತಪಾಸಣೆ ಮತ್ತು ಸೋನೋಗ್ರಾಫಿ ಹೆಚ್ಚಾಗಿ ಸಾಕು. ಜೊತೆಗೆ ರಕ್ತ ತಪಾಸಣೆ ಬೇಕೇ ಬೇಕು. ಈ ತಾಯಿಯ ಹಿಮೋಗ್ಲೋಬಿನ್ 7.8 ಇತ್ತು, ಇರಬೇಕಾದದ್ದು 12ಕ್ಕೆ ಕಡಿಮೆಯಿಲ್ಲದಂತೆ! ಆ ಅಂಕಿಯ ಬಗ್ಗೆ ಅವರಿಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಸೊಲ್ಲಾಪುರದಲ್ಲಿ ಇನ್ನೊಬ್ಬ ಡಾಕ್ಟರಬಾಯಿಗೆ ತೋರಿಸಿದೆವು. ಗಡ್ಡೆ ಎರಡೂವರೆ ಸೆಂಟಿಮೀಟರ್. ಮೊದಲು ರಕ್ತ ಹೆಚ್ಚಲಿ ಎಂದು ಕಬ್ಬಿಣಾಂಶದ ಇಂಜೆಕ್ಷನ್, ಮುಟ್ಟಿನ ದಿನಗಳಿಗೆ ರಕ್ತಸ್ರಾವ ಕಡಿಮೆ ಮಾಡುವ ಗುಳಿಗೆ, ಆರು ತಿಂಗಳಿಗೆ ಮತ್ತೆ ಸೋನೋಗ್ರಾಫಿ. ಅದಕ್ಕೂ ನಿಲ್ಲದಿದ್ದರೆ ಗರ್ಭಾಶಯದೊಳಗೆ ಹಾರ್ಮೋನಿನ ಸಾಧನ ಕೂರಿಸಬಹುದು, ಗಡ್ಡೆಯಷ್ಟನ್ನೇ ತೆಗೆಯಬಹುದು (ಮತ್ತೆ ಬೇರೆ ಗಡ್ಡೆ ಬೆಳೆಯಬಹುದು ಎಂದೂ ಅವರೇ ಹೇಳಿದರು), ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆಯೂ ಇದೆ. ಗರ್ಭಾಶಯ ತೆಗೆಯುವುದು ಕೊನೆಗೆ.

ಅದು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಅದೇ ಸರಿಯಾದ ದಾರಿ, ಮಾಡಿಸಿಕೊಂಡು ಆರಾಮ ಆದವರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ನೆನಪಿರಲಿ. 2019ರ ಸರಕಾರಿ ಸಮೀಕ್ಷೆಯಲ್ಲಿ 82,309 ಹೆಂಗಸರಲ್ಲಿ 13,861 ಮಂದಿಯ ಗರ್ಭಾಶಯ ತೆಗೆದದ್ದು ಕಂಡುಬಂತು. ಅನವಶ್ಯಕ ಆಪರೇಶನ್ ತಡೆಯುವ ಮಾರ್ಗಸೂಚಿ ಜಾರಿ ಮಾಡಿರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಆ ವಯಸ್ಸಿಗೇ ಮುಟ್ಟು ನಿಂತ ತ್ರಾಸೆಲ್ಲ ಶುರು, ಎಲುಬು ಸವೆಯುತ್ತದೆ.

ನಮ್ಮ ಹೆಂಗಸರ ಕಷ್ಟಕ್ಕೆ ಭಾಷೆಯೂ ಕೂಡುತ್ತದೆ. ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಮರಾಠಿ, ಕಾಗದ ಇಂಗ್ಲಿಷಿನಲ್ಲಿ. 'ಹೋಯ್' ಅಂದು ತಲೆಯಾಡಿಸಿ ಸಹಿ ಮಾಡಿ ಬರುತ್ತಾರೆ. ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಹತ್ತನೆಯ ತರಗತಿಗೆ ಗರ್ಭಾಶಯ, ಋತುಚಕ್ರ ಎಲ್ಲ ಇದೆ. ನಾವು ಶಿಕ್ಷಕರು "ಮನೆಯಲ್ಲಿ ಓದಿಕೊಳ್ಳಿರಿ" ಎಂದು ಪುಟ ತಿರುವುತ್ತೇವೆ. ನಾನೂ ಎಷ್ಟೋ ವರ್ಷ ತಿರುವಿದ್ದೇನೆ.

ಪಾಲಕರ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ ಅಂದಾಗ ಸಹೋದ್ಯೋಗಿಯೊಬ್ಬರು, "ಶಾಲ್ಯಾಗ ಇದೆಲ್ಲಾ ಯಾಕ್ರಿ?" ಅಂದರು. ಹಾಜರಿ ಪುಸ್ತಕ ಅವರ ಮುಂದಿಟ್ಟೆ. ಸಭೆ ಬರುವ ಶನಿವಾರ ಇದೆ. ಗಡ್ಡೆ ಎಲ್ಲಿದೆ, ಹಿಮೋಗ್ಲೋಬಿನ್ ಎಷ್ಟು, ಔಷಧಿಯಿಂದ ಆಗುವುದಿಲ್ಲವೇ, ಅಂಡಾಶಯ ಉಳಿಸುತ್ತೀರಾ - ಡಾಕ್ಟರರಿಗೆ ಕೇಳಬೇಕಾದ ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಫಲಕದ ಮೇಲೆ ಬರೆಯುವವಳಿದ್ದೇನೆ. ಮರಾಠಿ ವಾಕ್ಯ ಆ ಹುಡುಗಿಯೇ ಬರೆದುಕೊಟ್ಟಿದ್ದಾಳೆ.