ಕಟ್ಟೆ ಒಡೆಯನದು, ಒಡೆದರೆ ಕೇರಿಯದು

ಕನ್ನಂಬಾಡಿ ತುಂಬಿದರೆ ಗಂಜಾಂನ ನಮಗೆ ಗೊತ್ತಾಗುತ್ತೆ. ಹೊಳೆದಂಡೆಗೆ ಹೋಗಬೇಡಿ ಅಂತ ಕೂಗಿಸ್ತಾರೆ. ಆ ಕಟ್ಟೆಗೆ ಇಂಜಿನಿಯರುಂಟು, ಕಾವಲುಂಟು, ಮುಖ್ಯಮಂತ್ರಿಯ ಬಾಗಿನವುಂಟು. ಅದಕ್ಕೆ ಅಪಾಯ ಅಂತ ಸುತ್ತ 20 ಕಿಲೋಮೀಟರು ಗಣಿ ನಿಲ್ಲಿಸಿ ಎಂದು 2024ರಲ್ಲಿ ಹೈಕೋರ್ಟೇ ಹೇಳಿತು. ಸರಿಯೇ ಹೇಳಿತು. ಆದರೆ ಹಳ್ಳಕ್ಕೆ ಅಡ್ಡಲಾಗಿ ಒಡೆಯ ತನ್ನ ತೋಟಕ್ಕೆಂದು ಪೇರಿಸಿಕೊಂಡ ಮಣ್ಣಿನ ಕಟ್ಟೆಗೆ ದಿಕ್ಯಾರು?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತಿರುವಿ ನೋಡಿ. 15 ಮೀಟರಿಗಿಂತ ಎತ್ತರವಿದ್ದರೆ ಲೆಕ್ಕಕ್ಕುಂಟು. 10ರಿಂದ 15 ಆದರೆ ಉದ್ದ, ನೀರು ಅಂತ ಷರತ್ತು. ಹತ್ತಕ್ಕಿಂತ ಗಿಡ್ಡವಾದರೆ ಈ ಕಾಯ್ದೆಗೆ ಕಣ್ಣೇ ಇಲ್ಲ. ಹತ್ತು ಮೀಟರು ಅಂದರೆ ಸುಮಾರು ಮೂವತ್ತಮೂರು ಅಡಿ ಕಣ್ರೀ! ಕೇರಿಯ ಗುಡಿಸಲು ಮುಳುಗೋಕೆ ಎಷ್ಟಡಿ ಬೇಕು?

ಮಣ್ಣಿನ ಏರಿ ಹೇಗೆ ಸಾಯುತ್ತೆ ಅನ್ನೋದು ನೀರುಗಂಟಿಗೆ ಗೊತ್ತು. ದುರಾಸೆಯವನು ಕೋಡಿಗೆ ಮರಳು ಮೂಟೆ ಒಟ್ಟಿ ಒಂದಡಿ ಜಾಸ್ತಿ ನೀರು ನಿಲ್ಲಿಸ್ತಾನೆ. ಜಡಿಮಳೆಯ ರಾತ್ರಿ ನೀರು ಏರಿ ಹತ್ತಿ ಹಿಂದಕ್ಕೆ ಧುಮುಕಿ ಮಣ್ಣು ಕೊಚ್ಚುತ್ತೆ. ಇಲ್ಲಾ, ಮರದ ಬೇರು, ಹೆಗ್ಗಣದ ಬಿಲ, ತೂಬಿನ ಪಕ್ಕದ ಸಂದು. ಜಿನುಗು ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಕೆಂಪಗೆ ಕದಡಿ ಬಂತೋ, ಒಳಗಿನ ಮಣ್ಣು ಹೊರಟಿದೆ, ಮಕ್ಕಳನ್ನೆತ್ತಿಕೊಂಡು ಓಡಬೇಕು. ಹಳೇ ಮೈಸೂರಿನ ಎಷ್ಟೋ ಊರಲ್ಲಿ ಆ ನೀರುಗಂಟಿ ನಮ್ಮವನೇ. ತೂಬು ಎತ್ತೋ ಕೈ ಅವನದು, ಗದ್ದೆ ಮಾತ್ರ ಇನ್ನೊಬ್ಬರದು. ಒಡೆಯನ ಖಾಸಗಿ ಕಟ್ಟೆಗೆ ಆ ಕಣ್ಣೂ ಇಲ್ಲ.

ಕೀನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ತೋಟವೊಂದರ ಪಟೇಲ್ ಕಟ್ಟೆ ಒಡೆಯಿತು. ಅದೂ ಮಣ್ಣಿನದೇ. ಸತ್ತವರು 40ಕ್ಕೂ ಹೆಚ್ಚು, ಕೆಳಗಿನ ಬಡವರು, ಮಕ್ಕಳು. ಅದಕ್ಕೆ ಪರವಾನಗಿಯೇ ಇರಲಿಲ್ಲ ಅನ್ನೋದು ಹೆಣ ಎತ್ತುವಾಗ ಅಧಿಕಾರಿಗಳಿಗೆ ನೆನಪಾಯಿತು. ಸರ್ಕಾರದ್ದಾದರೆ ವಾಸಿ ಅಂತೀರಾ? 2019ರ ಜುಲೈನಲ್ಲಿ ಮಹಾರಾಷ್ಟ್ರದ ತಿವರೆ ಕಟ್ಟೆ ಒಡೆದಾಗ ಮಂತ್ರಿ ದೂರಿದ್ದು ಏಡಿಗಳನ್ನ. ಏಡಿಗೆ ಓಟಿಲ್ಲ ನೋಡಿ.

‘ನನ್ನ ಜಮೀನು, ನನ್ನ ಕಟ್ಟೆ, ಕೇಳೋಕೆ ನೀನ್ಯಾವನ್ಲಾ?’ ಅಂತಾನೆ ಒಡೆಯ. ಜಮೀನು ನಿನ್ನದೇ ಸ್ವಾಮಿ. ಆದರೆ ಒಡೆದ ನೀರು ದಿಬ್ಬದ ಮೇಲಿನ ನಿನ್ನ ಮಹಡಿಗೆ ಹತ್ತೋದಿಲ್ಲ, ತಗ್ಗಿನ ನಮ್ಮ ಒಲೆಗೆ ಇಳಿಯುತ್ತೆ. ಆ ತಗ್ಗಿನಲ್ಲಿ ನಮ್ಮನ್ನಿಟ್ಟವರು ಯಾರು?

ಮೇಷ್ಟ್ರೇ, ಗೆಳೆಯರೇ, ಮುಂಗಾರಿಗೆ ಮೊದಲು ನಿಮ್ಮೂರ ಮೇಲಿನ ಖಾಸಗಿ ಕಟ್ಟೆಗಳ ಏರಿ ತುಳಿದು ಬನ್ನಿ. ಯಾರದು, ಎಷ್ಟೆತ್ತರ, ಕೋಡಿ ಬಿಟ್ಟಿದ್ದಾರಾ ಮುಚ್ಚಿದ್ದಾರಾ, ಕೆಳಗೆ ಎಷ್ಟು ಮನೆ, ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಹಸೀಲ್ದಾರರಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ, ಮೊಹರು ಮರೀಬೇಡಿ.